ಗ್ಯಾಂಗ್‌ಟಾಕ್ ರೋಪ್‌ವೇ: ಯಾವ ತುದಿಯಿಂದ ಹತ್ತೋದು, ಎಷ್ಟು ಹೊತ್ತು ಬೇಕು, ಹಿಮಶಿಖರ ಕಾಣುತ್ತಾ?

ತುಂಗಾತೀರ
ನವೆಂಬರ್ ಎರಡನೇ ವಾರ, ನಾಲ್ಕು ಜನ. ಇಬ್ಬರಿಗೆ ಅರವತ್ತೈದು ದಾಟಿದೆ, ಅವರಲ್ಲಿ ಒಬ್ಬರಿಗೆ ಮಂಡಿನೋವು. ಊರಿನೊಳಗಿನ ರೋಪ್‌ವೇ ಬಗ್ಗೆ ಓದಿದ್ದು ಒಂದಕ್ಕೊಂದು ತಾಳೆ ಆಗ್ತಿಲ್ಲ. ಒಬ್ಬರು ‘ಹಿಮಾಲಯ ದರ್ಶನ’ ಅಂತಾರೆ, ಇನ್ನೊಬ್ಬರು ‘ತಾರಸಿ ದರ್ಶನ’ ಅಂತಾರೆ. ಯಾವ ನಿಲ್ದಾಣದಿಂದ ಹತ್ತಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಸಾಲು ಎಷ್ಟು ಉದ್ದ ಇರುತ್ತೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಉಕ್ಕಿನಹುರಿ
ಇಬ್ಬರು ಹೇಳಿದ್ದೂ ನಿಜವೇ. ಮೊದಲು ಅದು ಎಂಥ ರೋಪ್‌ವೇ ಅಂತ ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತೆ.

ಕಾಶ್ಮೀರದ ಗುಲ್ಮಾರ್ಗ್ ಥರ ಊರಾಚೆಯ ಬೆಟ್ಟಕ್ಕೆ ಏರಿಸೋ ಸಾಧನ ಅಲ್ಲ ಇದು. ಊರಿನ ಕೆಳಭಾಗದ ದೇವರಾಲಿಯಿಂದ ಮೇಲಿನ ತಾಶಿಲಿಂಗ್ ತನಕ ಹೋಗುತ್ತೆ, ನಡುವೆ ನಾಮ್‌ನಾಂಗ್. ಮೂರೂ ನಿಲ್ದಾಣ ಊರೊಳಗೇ. ಉದ್ದ ಸುಮಾರು ಒಂದು ಕಿಲೋಮೀಟರು. ತಾಶಿಲಿಂಗ್ ಅಂದರೆ ಸಿಕ್ಕಿಂ ರಾಜ್ಯದ ಸಚಿವಾಲಯ ಇರೋ ಜಾಗ, ನಾಮ್‌ನಾಂಗ್ ಅಂದರೆ ವಿಧಾನಸಭೆ ಇರೋ ಜಾಗ. ರಸ್ತೆಯಲ್ಲಿ ಸುತ್ತಿ ಸುತ್ತಿ ಹತ್ತೋ ದಾರಿಯನ್ನ ಆಕಾಶದಲ್ಲಿ ನೇರ ಮಾಡಿದ್ದಾರೆ ಅಂದ್ಕೊಳ್ಳಿ. ಹಾಗಾಗಿ ಕಾಲಡಿ ಕಾಣೋದು ಮನೆಗಳ ತಾರಸಿ, ನೀರಿನ ತೊಟ್ಟಿ, ತಿರುವು ರಸ್ತೆಗಳಲ್ಲಿ ಸಿಕ್ಕಿಕೊಂಡ ಟ್ಯಾಕ್ಸಿಗಳು. ದೂರಕ್ಕೆ ಕಣಿವೆ. ಮೋಡ ಇಲ್ಲದಿದ್ದರೆ ಅದರಾಚೆ ಹಿಮ.

ಎರಡೇ ಡಬ್ಬಿ. ಬಾವಿ ರಾಟೆಗೆ ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದಂತೆ. ಒಂದು ಮೇಲೆ ಬಂದಾಗ ಇನ್ನೊಂದು ಕೆಳಗೆ. ಇದಕ್ಕೆ ಜಿಗ್‌ಬ್ಯಾಕ್ ಅಂತಾರೆ. ಒಂದು ಡಬ್ಬಿಗೆ 24 ಜನ, ಹೆಚ್ಚಿನವರು ನಿಂತೇ ಹೋಗ್ತಾರೆ. ಸಾಲಿನ ಲೆಕ್ಕಕ್ಕೆ ಮುಖ್ಯ ಆಗೋದು ಇದೇ. ಹತ್ತಿಸೋದು, ಸಾಗೋದು, ಇಳಿಸೋದು ಸೇರಿ ಒಂದು ಸರದಿಗೆ ಹತ್ತು ನಿಮಿಷ ಅಂತ ಹಿಡಿಯಿರಿ. ಗಂಟೆಗೆ ಆರು ಸರದಿ, ಆರು ಇಪ್ಪತ್ನಾಲ್ಕಲೆ ನೂರ ನಲವತ್ನಾಲ್ಕು. ಅಂದರೆ ನಿಮ್ಮ ಮುಂದೆ ನೂರೈವತ್ತು ತಲೆ ಇದ್ದರೆ ಒಂದು ಗಂಟೆ ಮೇಲೆ ಕಾಯಬೇಕು. ಟಿಕೆಟ್ ತಗೊಳ್ಳೋ ಮೊದಲು ತಲೆ ಎಣಿಸಿ, 24ರಿಂದ ಭಾಗಿಸಿ, ಹತ್ತರಿಂದ ಗುಣಿಸಿ. ಅಷ್ಟು ನಿಮಿಷ.

ಜೋಳದರೊಟ್ಟಿ
ಲೆಕ್ಕ ಛಲೋ ಐತ್ರಿ. ಆದ್ರ ಒಂದು ಮರತೀರಿ. ಸಾಲಿನ್ಯಾಗ ಒಬ್ಬ ನಿಂತಿರ್ತಾನ, ಅವನ ಮಂದಿ ಹನ್ನೆರಡು ಜನ ಹೊರಗ ಚಾ ಕುಡೀತಿರ್ತಾರ. ಬಾಗಿಲ ಹತ್ರ ಬಂದ ಕೂಡ್ಲೆ ಎಲ್ಲಾರೂ ಹಾಜರ್. ಎಣಿಸಿದ್ದಕ್ಕ ಮ್ಯಾಲೊಂದು ಡಬ್ಬಿ ಹೆಚ್ಚಿಗಿ ಹಿಡೀರಿ.

ಉಕ್ಕಿನಹುರಿ
ಒಪ್ಪಿದೆ. ಗುಂಪು ಪ್ರವಾಸದ ಗಾಡಿಗಳು ಬಂದು ನಿಂತಿದ್ದರೆ ಎರಡು ಡಬ್ಬಿ ಹಿಡಿಯಿರಿ.

ಕಡಲ್ಕರೆ
ದೇವರಾಲಿಯಿಂದಲೇ ಹತ್ತಿ ಮಾರಾಯ್ರೆ. ಕಾರಣ ಉಂಟು. ಟಿಬೆಟಾಲಜಿ ಸಂಸ್ಥೆ (ಟಿಬೆಟಿನ ಅಧ್ಯಯನ ಕೇಂದ್ರ) ಮತ್ತು ದೊ-ದ್ರುಲ್ ಚೋರ್ಟೆನ್ ಎಂಬ ಬೌದ್ಧ ಸ್ತೂಪ ಎರಡೂ ಆ ಕಡೆಯೇ ಇರುವುದು, ಕೆಳಗಿನ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಸ್ವಲ್ಪ ಏರು ದಾರಿ ಅಷ್ಟೆ. ಹೆಚ್ಚಿನವರು ಮಾಡುವ ತಪ್ಪೆಂದರೆ ಮೊದಲು ಸಂಸ್ಥೆ, ಆಮೇಲೆ ಚೋರ್ಟೆನ್, ಕೊನೆಗೆ ರೋಪ್‌ವೇ. ಅಷ್ಟೊತ್ತಿಗೆ ಹನ್ನೆರಡು ಗಂಟೆ, ಸಾಲು ಹೊರಗಿನವರೆಗೆ, ಬೆಟ್ಟಕ್ಕೆ ಮೋಡ. ಅದನ್ನು ತಿರುಗಿಸಿ. ರೋಪ್‌ವೇ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಶುರುವಾಗುತ್ತದೆ, ಒಂಬತ್ತೂಕಾಲಿಗೇ ಅಲ್ಲಿರಿ. ಹೋಗಿ ಬಂದ ಮೇಲೆ ಸಂಸ್ಥೆಯ ಸಂಗ್ರಹಾಲಯ ನೋಡಿ, ಅದಕ್ಕೆ ಮೋಡ ಬಂದರೂ ನಷ್ಟವಿಲ್ಲ. ಭಾನುವಾರ ಮಾತ್ರ ಬೇಡ, ಸಂಗ್ರಹಾಲಯಕ್ಕೆ ರಜೆ.

ಚೋರ್ಟೆನ್ 1945ರಲ್ಲಿ ಕಟ್ಟಿದ್ದು, ಸುತ್ತ 108 ಪ್ರಾರ್ಥನಾ ಚಕ್ರಗಳು. ನಮ್ಮ ಪ್ರದಕ್ಷಿಣೆಯ ಹಾಗೆಯೇ ಬಲಕ್ಕೆ ಸುತ್ತಬೇಕು, ಚಕ್ರವನ್ನೂ ಬಲಕ್ಕೇ ತಿರುಗಿಸಬೇಕು. ಎದುರಿನಿಂದ ನುಗ್ಗುವವರು ದಿನಾ ಇರುತ್ತಾರೆ.

ತುಂಗಾತೀರ
ಟಿಕೆಟ್ ಒಂದು ಕಡೆಗಾ, ಹೋಗಿಬರೋದಕ್ಕಾ? ಮೇಲೆ ಇಳಿದು ತಿರುಗಾಡಿ ಆಮೇಲೆ ವಾಪಸ್ ಬರಬಹುದಾ?

ಕಡಲ್ಕರೆ
ಪ್ರವಾಸಿಗರಿಗೆ ಸಾಮಾನ್ಯವಾಗಿ ಹೋಗಿಬರುವ ಟಿಕೆಟೇ ಕೊಡುವುದು. ಕೌಂಟರಿನಲ್ಲೇ ಎರಡು ಮಾತು ಕೇಳಿಕೊಳ್ಳಿ: ಮೇಲೆ ಇಳಿದರೆ ಅದೇ ಟಿಕೆಟ್ ನಡೆಯುತ್ತದಾ, ಕೊನೆಯ ಡಬ್ಬಿ ಎಷ್ಟು ಗಂಟೆಗೆ. ದರ ಆಗಾಗ ಬದಲಾಗುತ್ತದೆ, ಅದನ್ನು ನಂಬಿ ಚಿಲ್ಲರೆ ಎಣಿಸಿ ಇಟ್ಟುಕೊಳ್ಳಬೇಡಿ. ಆದರೆ ಕೈಯಲ್ಲಿ ನಗದು ಇರಲಿ, ಬೆಟ್ಟದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ಹೋಯಿತು.

ಮೇಲೆ ಇಳಿಯುವುದಾದರೆ ರಿಡ್ಜ್ ಉದ್ಯಾನ, ವೈಟ್ ಹಾಲ್, ಪುಷ್ಪ ಪ್ರದರ್ಶನ ಕೇಂದ್ರ ಆ ಕಡೆ ಇವೆ. ಅಲ್ಲಿಂದ ಊರಿನ ಮುಖ್ಯ ಪೇಟೆಬೀದಿ ಎಂ.ಜಿ. ಮಾರ್ಗಕ್ಕೆ ಇಳಿಜಾರು.

ಮಸೂರ
ಇಳಿಜಾರು ಅನ್ನೋ ಪದ ಮಂಡಿನೋವಿನವರ ಮುಂದೆ ಹಗುರವಾಗಿ ಬಳಸಬೇಡಿ. ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಗ್ಯಾಂಗ್‌ಟಾಕಿನ ಅಡ್ಡದಾರಿಗಳೆಲ್ಲ ಮೆಟ್ಟಿಲು, ಎತ್ತರ ಒಂದೊಂದಕ್ಕೂ ಒಂದೊಂದು ಥರ. ಅವರು ಡಬ್ಬಿಯಲ್ಲೇ ವಾಪಸ್ ದೇವರಾಲಿಗೆ ಬಂದು ಟ್ಯಾಕ್ಸಿ ಹಿಡಿಯಲಿ, ನಡೆಯೋ ಆಸೆ ಇದ್ದವರು ಮೇಲೆ ಇಳಿದುಕೊಳ್ಳಲಿ. ಎಂ.ಜಿ. ಮಾರ್ಗದಲ್ಲಿ ಸೇರಿದರಾಯ್ತು. ಆ ಬೀದಿಗೆ ವಾಹನ ಬಿಡೋದಿಲ್ಲ, ಕೂರೋಕೆ ಬೆಂಚುಗಳಿವೆ, ಕಾಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಬೆಳಕಿನ ವಿಷಯ. ಕಾಂಚನಜುಂಗಾ ಗ್ಯಾಂಗ್‌ಟಾಕಿಗೆ ವಾಯವ್ಯದಲ್ಲಿ, ನೇರ ಗೆರೆ ಎಳೆದರೆ ಸುಮಾರು 60 ಕಿ.ಮೀ. ಎತ್ತರ 8586 ಮೀಟರ್. ವಾಯವ್ಯದಲ್ಲಿರೋ ಬೆಟ್ಟದ ಮುಖಕ್ಕೆ ಬೆಳಗಿನ ಬಿಸಿಲು ಎದುರಿಂದ ಬೀಳುತ್ತೆ, ಮಧ್ಯಾಹ್ನದ ಮೇಲೆ ಸೂರ್ಯ ಪಶ್ಚಿಮಕ್ಕೆ ಜಾರೋದರಿಂದ ನಮಗೆ ಕಾಣೋ ಮುಖಕ್ಕೆ ನೆರಳು. ಜೊತೆಗೆ ಕಣಿವೆ ಕಾದಂತೆ ತೇವ ಮೇಲೇಳುತ್ತೆ, ಹತ್ತು ಹನ್ನೊಂದರ ಹೊತ್ತಿಗೆ ಶಿಖರದ ಸೊಂಟಕ್ಕೆ ಮೋಡ ಸುತ್ತಿಕೊಳ್ಳುತ್ತೆ. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ತನಕ ಗಾಳಿ ತಿಳಿಯಾಗಿರೋದರಿಂದ ನಿಮ್ಮ ದಿನಾಂಕ ಚೆನ್ನಾಗಿದೆ. ಏಪ್ರಿಲ್–ಮೇನಲ್ಲಿ ಮಬ್ಬು, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಬೆಟ್ಟ ಕಂಡರೆ ಲಾಟರಿ.

ಇನ್ನೊಂದು. ನವೆಂಬರ್ ಮಧ್ಯದಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗಿರುತ್ತೆ. ಬೆಂಗಳೂರಿಗಿಂತ ಒಂದು ಗಂಟೆಗೂ ಮುಂಚೆ. ‘ನಾಲ್ಕೂವರೆಗೆ ಹೋದರಾಯ್ತು’ ಅನ್ನೋ ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ.

ಬೆಟ್ಟದಬೇರು
ಹಿಮಶಿಖರಕ್ಕಾಗಿ ರೋಪ್‌ವೇ ಹತ್ತೋದು ದಡ್ಡತನ ಅಂತ ನನ್ನ ಅಭಿಪ್ರಾಯ. ಐದಾರು ನಿಮಿಷ ಓಡೋ ಡಬ್ಬಿ, ಮುಂದೆ ಯಾರದೋ ಬೆನ್ನು, ಗೀರು ಬಿದ್ದ ಗಾಜು. ಅದರ ಬದಲು ಬೆಳಿಗ್ಗೆ ಆರಕ್ಕೆ ತಾಶಿ ವ್ಯೂ ಪಾಯಿಂಟಿಗೋ ಹನುಮಾನ್ ಟೋಕ್‌ಗೋ ಟ್ಯಾಕ್ಸಿ ಹಿಡಿದರೆ ನಿಂತಲ್ಲೇ ಒಂದು ಗಂಟೆ ನೋಡಬಹುದು.

ಮಸೂರ
ಶಿಖರದ ಮಟ್ಟಿಗೆ ಒಪ್ಪುತ್ತೇನೆ, ದಡ್ಡತನ ಅನ್ನೋದನ್ನ ಒಪ್ಪಲ್ಲ. ಒಂದು ಊರು ಗುಡ್ಡದ ಪಕ್ಕೆಗೆ ಹೇಗೆ ಅಂಟಿಕೊಂಡಿದೆ ಅಂತ ನೋಡೋಕೆ ಬೇರೆ ದಾರಿ ಇಲ್ಲ. ರಸ್ತೆ ಕಡೆಯಿಂದ ಒಂದಂತಸ್ತು ಅನ್ನಿಸೋ ಮನೆ ಕಣಿವೆ ಕಡೆಯಿಂದ ಆರಂತಸ್ತು ಇರುತ್ತೆ, ಬಾಗಿಲು ಮೇಲಿನ ಮಹಡಿಗೆ. ಅದು ಡಬ್ಬಿಯಿಂದಲೇ ಕಾಣೋದು. ಶಿಖರ ತಾಶಿ ವ್ಯೂ ಪಾಯಿಂಟಿನಿಂದ, ಊರು ರೋಪ್‌ವೇಯಿಂದ. ಒಂದೇ ಬೆಳಿಗ್ಗೆ ಎರಡೂ ಆಗುತ್ತೆ: ಆರಕ್ಕೆ ಅದು, ತಿಂಡಿ, ಒಂಬತ್ತೂವರೆಗೆ ಇದು.

ತುಂಗಾತೀರ
ಇದು ಸರಿ ಅನ್ನಿಸ್ತು. ಕಿಟಕಿ ಯಾವ ಕಡೆದು ಹಿಡೀಬೇಕು? ಫೋನಲ್ಲಿ ಫೋಟೊ ಬರುತ್ತಾ?

ಮಸೂರ
ಕಣಿವೆ ಕಡೆಯ ಕಿಟಕಿ. ಗೊಂದಲ ಆದರೆ ಸಾಲಲ್ಲಿ ನಿಂತಾಗಲೇ ಫೋನಿನ ದಿಕ್ಸೂಚಿ ತೆರೆದು ವಾಯವ್ಯ ಯಾವ ಕಡೆ ಅಂತ ನೋಡಿಟ್ಟುಕೊಳ್ಳಿ. ಕೊನೆಗೆ ಹತ್ತಿದವರಿಗೆ ನಡುವೆ ನಿಲ್ಲೋ ಭಾಗ್ಯ. ಅದಕ್ಕೆ, ತುಂಬಿದ ಡಬ್ಬಿಗೆ ಇಪ್ಪತ್ತಮೂರನೆಯವರಾಗಿ ನುಗ್ಗೋದಕ್ಕಿಂತ ಹಿಂದಿನವರಿಗೆ ದಾರಿ ಬಿಟ್ಟು ಮುಂದಿನ ಡಬ್ಬಿಗೆ ಮೊದಲಿಗರಾಗಿ.

ಫೋಟೊಗೆ ಶತ್ರು ಗಾಜಿನ ಪ್ರತಿಫಲನ. ಫೋನನ್ನ ಗಾಜಿಗೆ ತಾಗೋಷ್ಟು ಹತ್ತಿರ ಹಿಡಿದು ಸುತ್ತ ಅಂಗೈ ಮುಚ್ಚಿ. ಬಿಳಿ ಅಂಗಿ ಹಾಕ್ಕೊಂಡರೆ ಅದೇ ಗಾಜಲ್ಲಿ ಮೂಡುತ್ತೆ, ಗಾಢ ಬಣ್ಣ ಇರಲಿ. ಕ್ಯಾಮೆರಾ ಇದ್ದರೆ ಪೋಲರೈಸರ್ (ಪ್ರತಿಫಲನ ತಗ್ಗಿಸೋ ಫಿಲ್ಟರ್) ತೆಗೆದಿಡಿ. ಕಿಟಕಿ ಗಾಜಾಗಿರದೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆ ಆಗಿದ್ದರೆ ಪೋಲರೈಸರಿನಲ್ಲಿ ಕಾಮನಬಿಲ್ಲಿನಂಥ ಪಟ್ಟೆ ಬರುತ್ತೆ. ಡಬ್ಬಿ ಅಲುಗೋದರಿಂದ ಶಟರ್ 1/500 ಸೆಕೆಂಡ್‌ಗಿಂತ ನಿಧಾನ ಬೇಡ. ಫೋನಲ್ಲಿ ದೂರದ ಬೆಟ್ಟದ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಇಲ್ಲದಿದ್ದರೆ ಅದು ಗಾಜಿನ ಗೀರಿಗೇ ಫೋಕಸ್ ಮಾಡುತ್ತೆ.

ಪುಕ್ಕಲು_ಪಯಣಿಗ
ಮಧ್ಯೆ ನಿಂತುಬಿಟ್ಟರೆ? ಕರೆಂಟ್ ಹೋದರೆ? ಹಗ್ಗ ತುಂಡಾದರೆ? ಯಾರೂ ಈ ಬಗ್ಗೆ ಮಾತಾಡ್ತಿಲ್ಲ.

ಉಕ್ಕಿನಹುರಿ
ಮೂರು ಬೇರೆ ಬೇರೆ ಸಂಗತಿ. ಒಂದೊಂದಾಗಿ.

ನಿಲ್ಲೋದು ಮಾಮೂಲು. ಜಿಗ್‌ಬ್ಯಾಕಿನಲ್ಲಿ ಎರಡೂ ಡಬ್ಬಿ ಒಂದೇ ಎಳೆಹಗ್ಗಕ್ಕೆ ಕಟ್ಟಿರೋದರಿಂದ ಒಂದು ನಿಂತರೆ ಇನ್ನೊಂದೂ ನಿಲ್ಲಲೇಬೇಕು. ನಡುವಿನ ನಿಲ್ದಾಣದಲ್ಲಿ ಜನ ಹತ್ತಿ ಇಳಿಯೋವಾಗ ಆ ಇನ್ನೊಂದು ಡಬ್ಬಿಯವರಿಗೆ ‘ಯಾಕೆ ನಿಂತಿತು’ ಅನ್ನಿಸುತ್ತೆ, ಅಷ್ಟೆ. ಬಾಗಿಲು ಸರಿಯಾಗಿ ಕೂತಿಲ್ಲ ಅಂತ ಸಂವೇದಕ ಹೇಳಿದರೂ ಯಂತ್ರ ಹೊರಡಲ್ಲ. ಬಾಗಿಲಿಗೆ ಬ್ಯಾಗು ಸಿಕ್ಕಿಸಿಕೊಂಡು ನಿಲ್ಲೋರೇ ಅರ್ಧ ತಡಕ್ಕೆ ಕಾರಣ.

ಕರೆಂಟ್ ಹೋದ ಕ್ಷಣ ಬ್ರೇಕ್ ತಾನಾಗೇ ಬೀಳುತ್ತೆ. ರೋಪ್‌ವೇ ಬ್ರೇಕನ್ನ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ, ಬಿಡಿಸೋಕೆ ಮಾತ್ರ ಶಕ್ತಿ ಬೇಕು. ಶಕ್ತಿ ಹೋದರೆ ಹಿಡಿತ ಬೀಳುತ್ತೆ, ಬಿಡಲ್ಲ. ಆಮೇಲೆ ಡೀಸೆಲ್ ಜನರೇಟರಿನಿಂದ ನಿಧಾನಕ್ಕೆ ನಿಲ್ದಾಣಕ್ಕೆ ತರ್ತಾರೆ. ಥಟ್ಟನೆ ನಿಂತಾಗ ಡಬ್ಬಿ ಮೇಲೆ ಕೆಳಗೆ ಉಯ್ಯಾಲೆ ಆಡುತ್ತೆ. ಹಗ್ಗ ಜೋತಿರೋದರಿಂದ ಅದು ಸಹಜ, ಸ್ವಲ್ಪ ಹೊತ್ತಲ್ಲಿ ತಗ್ಗುತ್ತೆ. ಆಗ ಎಲ್ಲರೂ ಒಂದೇ ಕಿಟಕಿಗೆ ಓಡಬಾರದು, ನಿಂತಲ್ಲೇ ಕಂಬಿ ಹಿಡಿದು ನಿಲ್ಲಿ.

ಹಗ್ಗ: ಈ ಬಗೆಯಲ್ಲಿ ಎರಡು ಕೆಲಸಕ್ಕೆ ಎರಡು ಹಗ್ಗ. ಡಬ್ಬಿಯ ಭಾರ ಹೊರೋದು ಅಲುಗದ ದಪ್ಪ ಹಗ್ಗ, ಅದರ ಮೇಲೆ ಗಾಲಿಗಳು ಉರುಳುತ್ತವೆ. ಅದರ ಹೊರಪದರದ ತಂತಿಗಳು ಒಂದಕ್ಕೊಂದು ಕೊಂಡಿ ಹಾಕಿದಂತೆ ಕೂತು ಮೈ ನುಣುಪಾಗಿರುತ್ತೆ. ಎಳೆಯೋದು ಇನ್ನೊಂದು, ಹುರಿ ಹೊಸೆದ ತೆಳು ಹಗ್ಗ. ಎಳೆಹಗ್ಗ ಹೋದರೂ ಡಬ್ಬಿ ಕೆಳಗೆ ಬೀಳಲ್ಲ, ಭಾರದ ಹಗ್ಗದ ಮೇಲೆ ಜಾರುತ್ತೆ. ಆ ಜಾರಿಕೆ ತಡೆಯೋಕೇ ಗಾಲಿಬಂಡಿಯಲ್ಲಿ ಪ್ರತ್ಯೇಕ ಬ್ರೇಕ್ ಇಡ್ತಾರೆ. ಹಿಮಾಚಲದ ಪರವಾಣೂ ಬಳಿ 1992ರ ಅಕ್ಟೋಬರಿನಲ್ಲಿ ಎಳೆಹಗ್ಗವೇ ತುಂಡಾಗಿ ಡಬ್ಬಿ ಹಿಂದಕ್ಕೆ ಜಾರಿ ಕಣಿವೆ ನಡುವೆ ನಿಂತಿತ್ತು, ಪ್ರಯಾಣಿಕರನ್ನ ವಾಯುಪಡೆಯ ಹೆಲಿಕಾಪ್ಟರಿನಿಂದ ಎತ್ತಿದರು.

ಹೊರಗಿಂದ ಚೆನ್ನಾಗಿ ಕಂಡರೂ ಒಳಗೆ ತಂತಿ ಮುರಿದಿರಬಹುದು ಅಂತ ಉಕ್ಕಿನ ಹಗ್ಗವನ್ನ ಕಾಂತೀಯ ಪರೀಕ್ಷೆಗೆ ಒಡ್ಡೋದು ಇದಕ್ಕೇ. ‘ನಿರ್ವಹಣೆಗಾಗಿ ಮುಚ್ಚಿದೆ’ ಅನ್ನೋ ಬೋರ್ಡು ಕಂಡರೆ ಬೈಬೇಡಿ.

ಪುಕ್ಕಲು_ಪಯಣಿಗ
ಧೈರ್ಯ ಹೇಳಿದ್ರೋ ಹೆದರಿಸಿದ್ರೋ ಗೊತ್ತಾಗ್ಲಿಲ್ಲ.

ಉಕ್ಕಿನಹುರಿ
ನಡುವಲ್ಲಿ ನಿಂತು ದೂರ ನೋಡಿ, ಕಾಲಡಿ ನೋಡಬೇಡಿ. ನಿಲ್ದಾಣ ಸೇರೋವಾಗ, ಗಾಲಿ ಗೋಪುರದ ಮೇಲೆ ದಾಟೋವಾಗ ಒಂದು ‘ಧಡಕ್’ ಇರುತ್ತೆ. ಅದು ರೈಲು ಹಳಿ ಬದಲಿಸಿದಂತೆ, ಏನೂ ಆಗಿಲ್ಲ.

ನಿಜವಾಗಿ ಸಂಚಾರ ನಿಲ್ಲಿಸೋದು ಗಾಳಿ ಮತ್ತು ಸಿಡಿಲು. ಪಕ್ಕದಿಂದ ಗಾಳಿ ಬೀಸಿದರೆ ಡಬ್ಬಿ ಓಲಾಡಿ ಗೋಪುರಕ್ಕೋ ನಿಲ್ದಾಣದ ಬಾಯಿಗೋ ತಗಲಬಹುದು, ಮೊದಲು ವೇಗ ತಗ್ಗಿಸ್ತಾರೆ, ಆಮೇಲೆ ನಿಲ್ಲಿಸ್ತಾರೆ. ಗುಡುಗು ಕೇಳಿದರೆ ಸಾಲಿನಿಂದ ಹೊರಬಂದು ಚಹಾ ಕುಡಿಯಿರಿ.

ಜೋಳದರೊಟ್ಟಿ
ಗುಲ್ಮಾರ್ಗ್ ನೋಡಿದವ್ರು ಇದಕ್ಕ ಹೋಗೂದು ಬ್ಯಾಡ ಅಂತಾರಲ್ರೀ, ಹೌದೇನು?

ಬೆಟ್ಟದಬೇರು
ಹೋಲಿಕೆಯೇ ತಪ್ಪು. ಗುಲ್ಮಾರ್ಗ್ ಎರಡು ಹಂತ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್ಡೂರಿ ತನಕ, 2005ರ ಎರಡನೇ ಹಂತ ಅಫರ್ವಾತ್ ತನಕ, ಸುಮಾರು 3950 ಮೀಟರ್. ಆರು ಜನರ ಸಣ್ಣ ಡಬ್ಬಿಗಳು ಸಾಲಾಗಿ ಬರ್ತಾನೇ ಇರುತ್ತವೆ, ಅಲ್ಲಿ ಸಾಲು ನಿಲ್ಲಲ್ಲ, ನಡೀತಿರುತ್ತೆ. ಆದರೆ ಆ ಎತ್ತರದಲ್ಲಿ ತಲೆನೋವು, ಏದುಸಿರು ಬರುತ್ತೆ, ಹೃದಯದ ತೊಂದರೆ ಇರುವವರು ವೈದ್ಯರನ್ನ ಕೇಳದೆ ಎರಡನೇ ಹಂತಕ್ಕೆ ಹೋಗಬಾರದು. ಟಿಕೆಟನ್ನ ಮುಂಚಿತವಾಗಿ ಆನ್‌ಲೈನಿನಲ್ಲೇ ತಗೋಬೇಕು. ಗ್ಯಾಂಗ್‌ಟಾಕ್ ಇರೋದೇ 1650 ಮೀಟರ್ ಆಸುಪಾಸು, ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಕೆಳಗೆ. ಉಸಿರಿನ ಚಿಂತೆಯೇ ಇಲ್ಲ.

ಧರ್ಮಶಾಲಾದಿಂದ ಮೆಕ್ಲಿಯೋಡ್‌ಗಂಜ್‌ಗೆ 2022ರ ಜನವರಿಯಲ್ಲಿ ಶುರುವಾದ 1.8 ಕಿ.ಮೀ. ರೋಪ್‌ವೇ ಇದಕ್ಕೆ ಹತ್ತಿರದ ನೆಂಟ: ಅದೂ ರಸ್ತೆಯ ಬದಲಿಗೆ. ಆದರೆ ಅದು ಗೊಂಡೋಲಾ ಬಗೆ, ಗುಲ್ಮಾರ್ಗಿನಂತೆ ಸಣ್ಣ ಡಬ್ಬಿಗಳು ಬರ್ತಾನೇ ಇರುತ್ತವೆ, ಸಾಲು ಬೇಗ ಕರಗುತ್ತೆ. ಜೋಶಿಮಠ–ಔಲಿಯದು ಭೂಕುಸಿತದ ಕಾರಣ 2023ರ ಜನವರಿಯಲ್ಲಿ ನಿಂತಿತು, ಹಳೇ ಪಟ್ಟಿ ನೋಡಿ ಹೊರಡಬೇಡಿ. ಸಿಕ್ಕಿಂ ಜೊತೆ ಡಾರ್ಜಿಲಿಂಗ್ ಸೇರಿಸೋರು ಸಿಂಗಮಾರಿಯಲ್ಲಿ ರಂಗೀತ್ ಕಣಿವೆ ರೋಪ್‌ವೇ ನೋಡಿ. ಚಹಾ ತೋಟದ ಮೇಲೆ ಹೋಗೋದು, ನೋಟಕ್ಕೆ ಅದೇ ಮೇಲು. 2003ರ ಅಪಘಾತದ ನಂತರ ಮುಚ್ಚಿ 2012ರಲ್ಲಿ ಮತ್ತೆ ತೆರೆದದ್ದು ಅದು.

ಕಡಲ್ಕರೆ
ಮುಳ್ಳಯ್ಯನಗಿರಿ ಹೋಲಿಕೆ ಸರಿ, ಆದರೆ ನವೆಂಬರಿನ ಚಳಿ ಹಾಗಲ್ಲ. ಸ್ವೆಟರ್ ಬಿಟ್ಟು ಹೋಗಬೇಡಿ. ಮತ್ತೆ ಅದೇ ಪ್ರವಾಸದಲ್ಲಿ ತ್ಸೊಂಗೊ ಸರೋವರಕ್ಕೆ ಹೋಗುತ್ತೀರಲ್ಲ, ಅದು 3753 ಮೀಟರ್. ಉಸಿರಿನ ಚಿಂತೆ ಆ ದಿನಕ್ಕೆ ಇಟ್ಟುಕೊಳ್ಳಿ. ಬಂದ ದಿನ ಅಥವಾ ಮರುದಿನ ಊರೊಳಗೆ ರೋಪ್‌ವೇ, ಮೂರನೇ ದಿನ ಸರೋವರ. ಒಂದು ದಿನ ಒಗ್ಗಿಕೊಂಡ ಹಾಗೂ ಆಗುತ್ತದೆ. ಗಡಿಯ ನಾಥೂಲಾ ಕಣಿವೆದಾರಿ ಸೇರಿಸುವುದಾದರೆ ಸೋಮವಾರ, ಮಂಗಳವಾರ ಬಿಡುವುದಿಲ್ಲ. ಪರವಾನಗಿಗೆ ಫೋಟೊ, ಗುರುತಿನ ಚೀಟಿ ಪ್ರತಿ ಹಿಂದಿನ ದಿನವೇ ಏಜೆಂಟರಿಗೆ ಕೊಡಬೇಕು.

ತುಂಗಾತೀರ
ಬಂಗಾಳದ ಸಿಲಿಗುರಿಯಿಂದ ಬರೋ ಟ್ಯಾಕ್ಸಿಯವರೇ ಊರೆಲ್ಲ ತೋರಿಸ್ತೀನಿ ಅಂತಿದ್ದಾರೆ. ಒಪ್ಪಲಾ?

ಜೋಳದರೊಟ್ಟಿ
ಒಪ್ಪಬ್ಯಾಡ್ರಿ. ಬಂಗಾಳದ ನಂಬರಿನ ಗಾಡಿಗೆ ಗ್ಯಾಂಗ್‌ಟಾಕ್ ಒಳಗ ಪ್ರವಾಸಿಗರನ್ನ ಸುತ್ತಸಾಕ ಬಿಡಂಗಿಲ್ಲ. ಹೋಟೆಲಿಗೆ ಬಿಟ್ಟು ಹೊಳ್ಳಿ ಹೋಗಬೇಕು. ಊರೊಳಗ ಅಲ್ಲಿಯ ಸಣ್ಣ ಟ್ಯಾಕ್ಸಿನೇ, ನಾಕು ಮಂದಿಕಿಂತ ಹೆಚ್ಚು ಹತ್ತಸಂಗಿಲ್ಲ. ನೀವು ನಾಕೇ ಮಂದಿ, ಸರಿ ಆತು. ಆಟೋ ಹುಡುಕಬ್ಯಾಡ್ರಿ, ಆ ಏರಿನ್ಯಾಗ ಆಟೋ ಇಲ್ಲ. ‘ದೇವರಾಲಿ ರೋಪ್‌ವೇ’ ಅಂದ್ರ ಎಲ್ಲಾರಿಗೂ ತಿಳೀತದ.

ಇನ್ನ ಒಂದು: ಪ್ಯಾಕ್ ಮಾಡಿದ ಪ್ಲಾಸ್ಟಿಕ್ ನೀರಿನ ಬಾಟಲಿ ಸಿಕ್ಕಿಂನ್ಯಾಗ 2022ರ ಜನವರಿಯಿಂದ ಬಂದ್ ಐತಿ. ಸ್ಟೀಲ್ ಬಾಟಲಿ ತಗೊಂಡು ಹೋಗ್ರಿ.

ಬೆಟ್ಟದಬೇರು
ದೇವರಾಲಿ ರಾಷ್ಟ್ರೀಯ ಹೆದ್ದಾರಿ 10ರ ಮೇಲೇ ಇದೆ, ಸಿಲಿಗುರಿ–ಡಾರ್ಜಿಲಿಂಗ್ ಕಡೆಯ ಟ್ಯಾಕ್ಸಿ ನಿಲ್ದಾಣವೂ ಅಲ್ಲೇ. ಕಚೇರಿ, ಶಾಲೆ ಹೊತ್ತಲ್ಲಿ ಎಂ.ಜಿ. ಮಾರ್ಗದಿಂದ ಅಲ್ಲಿಗೆ ಬರೋ ಸಣ್ಣ ದಾರಿಗೂ ಅರ್ಧ ಗಂಟೆ ಇಟ್ಟುಕೊಳ್ಳಿ. ಕೆಲವರು ‘ಹೇಗೂ ದೇವರಾಲಿ ದಾರೀಲೇ ಇದೆ’ ಅಂತ ವಾಪಸ್ ಹೊರಡೋ ದಿನಕ್ಕೆ ರೋಪ್‌ವೇ ಇಟ್ಟುಕೊಳ್ತಾರೆ. ಅದನ್ನ ಮಾಡಲೇಬೇಡಿ. ತೀಸ್ತಾ ದಂಡೆಯ ಆ ಹೆದ್ದಾರಿ ಮಳೆಗೆ ಕುಸಿಯೋದು ಮಾಮೂಲು, 2023ರ ಅಕ್ಟೋಬರಿನ ಪ್ರವಾಹದಲ್ಲಿ ಹಲವು ಕಡೆ ಕೊಚ್ಚಿಹೋಗಿತ್ತು. ಮುಚ್ಚಿದರೆ ಲಾವಾ ಅನ್ನೋ ಊರಿನ ಕಡೆಯಿಂದ ಸುತ್ತಬೇಕು. ಬಾಗ್ಡೋಗ್ರಾ ವಿಮಾನ ಮಧ್ಯಾಹ್ನದ್ದಾದರೆ ಬೆಳಿಗ್ಗೆ ಬೆಳಕು ಹರಿಯುತ್ತಲೇ ಹೊರಡಿ, ಸಾಧ್ಯವಾದರೆ ಹಿಂದಿನ ರಾತ್ರಿಯೇ ಸಿಲಿಗುರಿಯಲ್ಲಿರಿ.

ತುಂಗಾತೀರ
ಹಾಗಾದರೆ ಎರಡನೇ ದಿನ: ಆರಕ್ಕೆ ತಾಶಿ ವ್ಯೂ ಪಾಯಿಂಟ್, ಒಂಬತ್ತೂಕಾಲಿಗೆ ದೇವರಾಲಿ, ಡಬ್ಬಿಯಲ್ಲೇ ಹೋಗಿ ಬರೋದು, ಆಮೇಲೆ ಸಂಗ್ರಹಾಲಯ, ಚೋರ್ಟೆನ್. ಆ ದಿನ ಶನಿವಾರ ಬೀಳುತ್ತೆ. ತೊಂದರೆ ಇದೆಯಾ?

ಕಡಲ್ಕರೆ
ಸಂಗ್ರಹಾಲಯ ಆ ಶನಿವಾರ ತೆರೆದಿರುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ರೋಪ್‌ವೇಗೆ ವಾರಾಂತ್ಯದ ಜನ ಇದ್ದೇ ಇರುತ್ತದೆ. ಒಂದು ಕೆಲಸ ಮಾಡಿ. ನಿಮ್ಮಲ್ಲಿ ಚುರುಕಾದವರೊಬ್ಬರು ಒಂಬತ್ತಕ್ಕೇ ಹೋಗಿ ಸಾಲು ಹಿಡಿಯಲಿ, ಮಂಡಿನೋವಿನವರು ಒಂಬತ್ತೂವರೆಗೆ ಟ್ಯಾಕ್ಸಿಯಲ್ಲಿ ಬಂದು ಸೇರಿಕೊಳ್ಳಲಿ.

ಜೋಳದರೊಟ್ಟಿ
ನೋಡ್ರಿ, ನಾ ಹೇಳಿದ ಆ ಚಾ ಕುಡಿಯೋ ಮಂದಿ ಇವರೇ.